ಪಂಜೆ ಮುತ್ಯಾ ವಾಡಿ ಮೇಲಿಂದ ಹೋಗಿದ್ರಾ? ಒಂದು ಶಾಲಾ ಸಿನಿಮಾದ ಪ್ರಕರಣ ಅಧ್ಯಯನ

ಕಳೆದ ವರ್ಷದ ಮಕ್ಕಳ ದಿನಾಚರಣೆಯ ಮಧ್ಯಾಹ್ನ. ಪಕ್ಕದ ಪ್ರಾಥಮಿಕ ಶಾಲೆಯ ನಾಲ್ಕನೇ ತರಗತಿ ಮಕ್ಕಳನ್ನು ನಮ್ಮ ಹೈಸ್ಕೂಲಿನ ಒಂದು ಕೋಣೆಯಲ್ಲಿ ಕೂರಿಸಿದ್ದೆವು. ಕಿಟಕಿಗೆ ಜಮಖಾನೆ ಕಟ್ಟಿ ಕತ್ತಲೆ ಮಾಡಿದ್ದೆವು. ಗೋಡೆಯ ಮೇಲೆ ಸಿನಿಮಾ ಶುರುವಾಯಿತು. ಮಕ್ಕಳಿಗಾಗಿ ಪದ್ಯ, ಕಥೆ ಬರೆದ ಕವಿ ಪಂಜೆ ಮಂಗೇಶರಾಯರ ಜೀವನದ ಮೇಲೆ ನಮ್ಮ ಎಂಟು ಮತ್ತು ಒಂಬತ್ತನೇ ತರಗತಿಯ ಒಂಬತ್ತು ಮಕ್ಕಳು ಐದು ತಿಂಗಳು ದುಡಿದು ಮಾಡಿದ 22 ನಿಮಿಷದ ಸಿನಿಮಾ ಅದು.

ಆರನೇ ನಿಮಿಷಕ್ಕೆ ಮುಂದಿನ ಸಾಲಿನ ಒಬ್ಬ ಹುಡುಗ ತನ್ನ ಚಪ್ಪಲಿಯನ್ನು ಫರಸಿ ಕಲ್ಲಿನ ಮೇಲೆ ರೈಲಿನ ಹಾಗೆ ಓಡಿಸತೊಡಗಿದ. ಹತ್ತನೇ ನಿಮಿಷಕ್ಕೆ ಇಡೀ ಸಾಲು ಆ ರೈಲಿಗೆ ಬೋಗಿ ಜೋಡಿಸುತ್ತಿತ್ತು. ಸಿನಿಮಾ ಮಾಡಿದ ಮಕ್ಕಳು ಹಿಂದೆ ಗೋಡೆಗೆ ಒರಗಿ ನಿಂತು ಪರದೆ ನೋಡುವುದು ಬಿಟ್ಟು ಆ ಚಪ್ಪಲಿ ರೈಲನ್ನೇ ನೋಡುತ್ತಿದ್ದರು. ಒಬ್ಬಳ ಕಣ್ಣಲ್ಲಿ ನೀರು ಬಂತು.

ಆ ಸಿನಿಮಾ ಯಾಕೆ ಸೋತಿತು, ಆಮೇಲೆ ನಾವು ಏನು ಮಾಡಿದೆವು ಅನ್ನುವುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ನಮ್ಮದು ಕಲಬುರಗಿ ಜಿಲ್ಲೆಯ ವಾಡಿ ಜಂಕ್ಷನ್ ಹತ್ತಿರದ ಊರು. ಸುತ್ತಲೂ ತೊಗರಿ ಹೊಲ, ಕಲ್ಲಿನ ಗಣಿ, ಸಿಮೆಂಟಿನ ಧೂಳು. ನಾನು ಇಲ್ಲಿ ಕನ್ನಡ ಪಾಠ ಮಾಡುವ ಮೇಷ್ಟ್ರು. ಸಿನಿಮಾ ಕಲಿತವನಲ್ಲ. ಇದ್ದದ್ದು ಎರಡು ಫೋನು, ಒಂದು ಕಾಲರ್ ಮೈಕು.

ಪಂಜೆಯವರೇ ಯಾಕೆ

ಮಕ್ಕಳಿಗಾಗಿ ಬರೆದ ಒಬ್ಬರ ಬಗ್ಗೆ ಸಿನಿಮಾ ಮಾಡೋಣ ಅಂದಾಗ ಮೊದಲು ಬಂದ ಹೆಸರು ಸಿದ್ದಯ್ಯ ಪುರಾಣಿಕರದು. ನಮ್ಮ ಕಡೆಯವರು, ಈಗಿನ ಕೊಪ್ಪಳ ಜಿಲ್ಲೆಯ ದ್ಯಾಂಪುರದವರು. 1987ರಲ್ಲಿ ಕಲಬುರಗಿಯಲ್ಲಿ ನಡೆದ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಆಮೇಲೆ 2020ರಲ್ಲಿ ಇದೇ ಕಲಬುರಗಿಯ ಸಮ್ಮೇಳನಕ್ಕೆ ಅಧ್ಯಕ್ಷರಾದವರು ಎಚ್.ಎಸ್. ವೆಂಕಟೇಶಮೂರ್ತಿ. ಅವರೂ ಮಕ್ಕಳಿಗಾಗಿ ಬಹಳ ಬರೆದವರು. ಜಿ.ಪಿ. ರಾಜರತ್ನಂ ಹೆಸರಂತೂ ಇದ್ದೇ ಇತ್ತು. ನಾಯಿಮರಿ ಪದ್ಯ ಬಾಯಿಗೆ ಬರದ ಮಗು ನಮ್ಮ ಊರಲ್ಲೂ ಇಲ್ಲ.

ಆದರೆ ಒಂದು ತೊಡಕು ಇತ್ತು. ಸಿನಿಮಾದಲ್ಲಿ ಪದ್ಯ ಹಾಡಬೇಕು, ಕಥೆ ಆಡಿ ತೋರಿಸಬೇಕು. ನಮ್ಮ ದೇಶದ ಕಾನೂನಿನಲ್ಲಿ ಬರೆದವರು ತೀರಿಕೊಂಡ ಮೇಲೂ 60 ವರ್ಷ ಬರಹದ ಹಕ್ಕು ಅವರ ಮನೆಯವರದ್ದೋ, ಹಕ್ಕು ಪಡೆದವರದ್ದೋ ಆಗಿರುತ್ತದೆ. ಲೆಕ್ಕ ಶುರುವಾಗುವುದು ತೀರಿಕೊಂಡ ಮರುವರ್ಷದಿಂದ. ರಾಜರತ್ನಂ ತೀರಿಕೊಂಡದ್ದು 1979ರಲ್ಲಿ. ಅಂದರೆ 2039ರ ಕೊನೆಯವರೆಗೆ ಅನುಮತಿ ಕೇಳಬೇಕು. ಪುರಾಣಿಕರು ಹೋದದ್ದು 1994ರಲ್ಲಿ, ಅವರ ಲೆಕ್ಕ 2054ರವರೆಗೆ ಹೋಗುತ್ತದೆ. ಪಂಜೆಯವರು ತೀರಿಕೊಂಡದ್ದು 1937ರಲ್ಲಿ. ಅವರ ಕಾಲದಲ್ಲೇ ಅಚ್ಚಾದ ಪದ್ಯಗಳ ಅವಧಿ ಮುಗಿದು ದಶಕಗಳೇ ಆಗಿವೆ. ಯಾರ ಅನುಮತಿಗೂ ಕಾಯದೆ ಹಾಡಬಹುದು.

ಇಲ್ಲಿ ಒಂದು ಮಾತು. ಪದ್ಯ ಮುಕ್ತವಾದರೂ ಅದಕ್ಕೆ ಯಾರೋ ಹಾಕಿದ ರಾಗ, ಯಾವುದೋ ಕ್ಯಾಸೆಟ್ಟಿನ ಹಾಡು ಮುಕ್ತ ಅಲ್ಲ. ಅದರ ಹಕ್ಕು ಬೇರೆ. ಮಕ್ಕಳು ಮೊಬೈಲಿನಿಂದ ಒಂದು ಹಾಡು ತಂದು ಹಿನ್ನೆಲೆಗೆ ಹಾಕೋಣ ಅಂದಿದ್ದರು. ಬೇಡ ಅಂದೆ. ಆಮೇಲೆ ನೋಡಿದರೆ ಹಾಗೆ ತಡೆದದ್ದೇ ಒಳ್ಳೆಯದಾಯಿತು. ಅವರವರ ಅವ್ವ, ಆಯಿ ಬೀಸುವ ಕಲ್ಲಿನ ಮುಂದೆ ಹಾಡುತ್ತಿದ್ದ ಧಾಟಿಯಲ್ಲಿ ಪಂಜೆಯವರ ಸಾಲುಗಳನ್ನು ಕೂರಿಸಿದರು. ಕೂತವು.

ಪಂಜೆಯವರನ್ನು ಆರಿಸಲು ಇನ್ನೊಂದು ಕಾರಣ ಆಮೇಲೆ ಸಿಕ್ಕಿತು. ಹುಟ್ಟಿದ್ದು 1874ರಲ್ಲಿ, ದೂರದ ಬಂಟ್ವಾಳದಲ್ಲಿ. ಬದುಕಿದ್ದು ಮಂಗಳೂರು, ಮಡಿಕೇರಿ ಕಡೆ. ಆದರೆ 1934ರಲ್ಲಿ ಅವರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿ ಬಂದದ್ದು ನಮ್ಮ ಪಕ್ಕದ ರಾಯಚೂರಿಗೆ. ಮೂರು ವರ್ಷದ ಮೇಲೆ ಕೊನೆಯುಸಿರು ಎಳೆದದ್ದು ಹೈದರಾಬಾದಿನಲ್ಲಿ. ಆಗ ಎರಡೂ ನಿಜಾಮರ ರಾಜ್ಯದ ಊರುಗಳು, ನಮ್ಮ ಕಲಬುರಗಿಯ ಹಾಗೆ. ಕಡಲ ತೀರದ ಕವಿಯ ಬದುಕಿನ ಕೊನೆಯ ಪುಟ ನಮ್ಮ ಸೀಮೆಗೆ ಬಂದು ಮುಟ್ಟುತ್ತದೆ ಅಂತ ಗೊತ್ತಾದ ದಿನ ಮಕ್ಕಳ ಮುಖ ನೋಡಬೇಕಿತ್ತು.

ಮೊದಲ ಸಿನಿಮಾ

ಅದರಲ್ಲಿ ಎಲ್ಲವೂ ಇತ್ತು. ಹುಟ್ಟಿದ ಊರು, ತಂದೆ ತಾಯಿ, ಬಡತನ, ಓದು, ಕೆಲಸ, ‘ಕವಿಶಿಷ್ಯ’ ಎಂಬ ಕಾವ್ಯನಾಮ, 1921ರಲ್ಲಿ ಮಂಗಳೂರಿನಲ್ಲಿ ಕಟ್ಟಿದ ಬಾಲಸಾಹಿತ್ಯ ಮಂಡಲ, ಸಮ್ಮೇಳನ, ಸಾವು. ಒಬ್ಬ ಹುಡುಗ ಹತ್ತಿಯ ಮೀಸೆ ಅಂಟಿಸಿಕೊಂಡು ಪಂಜೆ ಆಗಿದ್ದ. ಹಿಂದಿನಿಂದ ಒಂದು ದನಿ ಇಸವಿಗಳನ್ನು ಓದುತ್ತಾ ಹೋಗುತ್ತಿತ್ತು. ಆ ದನಿ ನನ್ನದು. ಬರೆದದ್ದೂ ನಾನೇ.

ತಪ್ಪು ಅಲ್ಲೇ ಇತ್ತು. ನಾನು ಪಠ್ಯಪುಸ್ತಕದ ಕವಿ ಪರಿಚಯವನ್ನೇ ಉದ್ದ ಮಾಡಿ ಸಿನಿಮಾ ಅಂದುಕೊಂಡಿದ್ದೆ. ಮಕ್ಕಳು ಮೇಷ್ಟ್ರ ಮಾತಿಗೆ ಎದುರಾಡದೆ ಶೂಟಿಂಗ್ ಮಾಡಿದ್ದರು. ಮಕ್ಕಳಿಗಾಗಿ ಬರೆದವರ ಸಿನಿಮಾದಲ್ಲಿ ಒಂದೇ ಒಂದು ಮಗು ನಗುವ ದೃಶ್ಯ ಇರಲಿಲ್ಲ.

ಮರುದಿನ ಒಂಬತ್ತು ಮಕ್ಕಳನ್ನೂ ಬೇವಿನ ಗಿಡದ ಕೆಳಗೆ ಕೂರಿಸಿದೆ. ಸಿನಿಮಾ ಚೆನ್ನಾಗಿತ್ತು ಅಂತ ಸುಮ್ನೆ ಸಮಾಧಾನ ಹೇಳಲಿಲ್ಲ. “ಪಂಜೆಯವರ ಬಗ್ಗೆ ನಿಮಗೆ ನಿಜವಾಗಿ ನೆನಪಿರುವುದು ಏನು?” ಅಂತ ಕೇಳಿದೆ. ಯಾರೂ ಇಸವಿ ಹೇಳಲಿಲ್ಲ. ಒಬ್ಬ ಅಂದ, “ಶೆಗಡಿ ಕಥಿ ನೆನಪದರಿ ಸರ್.” ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಸಿಗಡಿಯೋ ಶೆಗಡಿಯೋ

ಆ ಕಥೆಯ ಹಿನ್ನೆಲೆ ಹೇಳಬೇಕು. ‘ಸಿಗಡಿ ಯಾಕೆ ಒಣಗಲಿಲ್ಲ?’ ಪಂಜೆಯವರ ಹೆಸರಾದ ಮಕ್ಕಳ ಕಥೆ. ಒಂದು ಪ್ರಶ್ನೆಯ ಬಾಲ ಹಿಡಿದು ಇನ್ನೊಂದು ಪ್ರಶ್ನೆ ಬರುವ ಸರಪಳಿ ಕಥೆ. ಕರಾವಳಿಯಲ್ಲಿ ಸಿಗಡಿ ಅಂದರೆ ಮೀನಿನ ಹಾಗೆ ಬಿಸಿಲಿಗೆ ಒಣಗಿಸಿಟ್ಟುಕೊಳ್ಳುವ ಸಣ್ಣ ನೀರಿನ ಜೀವಿ. ಅಲ್ಲಿನ ಮಗುವಿಗೆ ಅಂಗಳದಲ್ಲಿ ದಿನಾ ಕಾಣುವ ವಸ್ತು. ನಮ್ಮ ಕಡೆ ಶೆಗಡಿ ಅಂದರೆ ಇದ್ದಿಲು ಹಾಕುವ ಒಲೆ! ಜೂನ್ ತಿಂಗಳಲ್ಲಿ ನಾನು ಮೊದಲ ಸಲ ಈ ಕಥೆ ಓದಿದಾಗ ಒಬ್ಬಳು ಎದ್ದು ನಿಂತು ಕೇಳಿದ್ದಳು: “ಸರ್, ಶೆಗಡಿ ಯಾಕ ಒಣಗಬೇಕ್ರಿ? ಅದು ಮೊದಲೇ ಒಣಗಿದ್ದೇ ಇರ್ತದಲ್ರಿ.”

ನಾನು ಆಗ ಅರ್ಥ ಹೇಳಿ, ಚಿತ್ರ ತೋರಿಸಿ ಮುಂದೆ ಹೋಗಿದ್ದೆ. ಸಿನಿಮಾದಲ್ಲಿ ಆ ಪ್ರಶ್ನೆಗೆ ಜಾಗ ಕೊಡಬೇಕು ಅಂತ ನನಗೆ ಹೊಳೆಯಲೇ ಇಲ್ಲ. ನೋಡಿ, ಒಂದು ಮಗು ಕಥೆಯೊಳಗೆ ಎಲ್ಲಿ ಕಾಲಿಟ್ಟಿದೆ ಅನ್ನುವುದು ಆ ಒಂದು ಪ್ರಶ್ನೆಯಲ್ಲೇ ಇತ್ತು. ಬಂಟ್ವಾಳದ ಅಂಗಳಕ್ಕೂ ವಾಡಿಯ ಅಂಗಳಕ್ಕೂ ಇರುವ ದೂರ ಆ ಒಂದು ಪದದಲ್ಲೇ ಇತ್ತು. ಅದಕ್ಕಿಂತ ಒಳ್ಳೆಯ ದೃಶ್ಯ ನನ್ನ 22 ನಿಮಿಷದಲ್ಲಿ ಒಂದೂ ಇರಲಿಲ್ಲ.

ಎರಡನೇ ಸಿನಿಮಾದಲ್ಲಿ ಇದನ್ನು ಮಕ್ಕಳೇ ತೆಗೆದರು. ಒಬ್ಬರ ಮನೆಯ ಹಿತ್ತಲಲ್ಲಿ ತುಕ್ಕು ಹಿಡಿದ ಹಳೆಯ ಶೆಗಡಿ ಇತ್ತು. ಅದನ್ನು ತೊಳೆದು ಮಾಳಿಗೆ ಮೇಲೆ ಬಿಸಿಲಿಗೆ ಇಟ್ಟರು. ಹುಡುಗಿ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ಗದ್ದಕ್ಕೆ ಕೈ ಕೊಟ್ಟು, ಬಹಳ ಗಂಭೀರವಾಗಿ ಕೇಳುತ್ತಾಳೆ: “ಶೆಗಡಿ, ಶೆಗಡಿ, ಯಾಕ ಒಣಗಿಲ್ಲ?” ಕ್ಯಾಮೆರಾ ಅಲುಗಾಡುವುದಿಲ್ಲ. ಶೆಗಡಿಯ ಕಂಡಿಯಿಂದ ಒಂದು ಹನಿ ನೀರು ತೊಟ್ಟಿಕ್ಕುತ್ತದೆ. ಆಮೇಲೆ ಅವಳ ಆಯಿ ಬಂದು, “ಏ, ಅದು ನಮ್ಮ ಶೆಗಡಿ ಅಲ್ಲ, ಸಮುದ್ರದ ಸಿಗಡಿ” ಅಂತ ತಿದ್ದುತ್ತಾರೆ. ಆ ಆಯಿ ಸಮುದ್ರ ನೋಡಿದವರಲ್ಲ.

ಇನ್ಸ್‌ಪೆಕ್ಟರ್ ಬಂದರು

ಪಂಜೆಯವರು ಶಾಲಾ ಇನ್ಸ್‌ಪೆಕ್ಟರ್ ಆಗಿದ್ದರು. ಮಡಿಕೇರಿಯಲ್ಲಿ ಹೆಡ್‌ಮಾಸ್ಟರ್ ಕೂಡ. ಇನ್ಸ್‌ಪೆಕ್ಟರ್ ಬರ್ತಾರೆ ಅಂದರೆ ಶಾಲೆ ಹೇಗಾಗುತ್ತದೆ ಅಂತ ನಮ್ಮ ಮಕ್ಕಳಿಗೆ ಹೇಳಿಕೊಡಬೇಕಿಲ್ಲ. ಮೇಲಿನವರು ಬರುವ ಹಿಂದಿನ ದಿನ ಅಂಗಳಕ್ಕೆ ನೀರು ಹೊಡೆಯುವುದು, ಉಗುರು ತೋರಿಸುವುದು, ಕೈ ಕಟ್ಟಿ ಕೂರುವುದು ಎಲ್ಲ ಗೊತ್ತು. ಆ ಭಯದ ಕೆಲಸದಲ್ಲಿದ್ದ ಮನುಷ್ಯ ಇಲಿ, ಹಾವು, ಕೋಳಿಯ ಪದ್ಯ ಕಥೆ ಬರೆದರು. ಇದು ಸಣ್ಣ ಸಂಗತಿ ಅಲ್ಲ. ಮೊದಲ ಸಿನಿಮಾದಲ್ಲಿ ಇದಕ್ಕೆ ನಾನು ಕೊಟ್ಟದ್ದು ಒಂದು ವಾಕ್ಯ.

ಇದನ್ನು ತೋರಿಸುವುದು ಹೇಗೆ ಅಂತ ಬಹಳ ಚರ್ಚೆ ಆಯಿತು. ಹತ್ತಿ ಮೀಸೆ ಬೇಡ ಅಂತ ಎಲ್ಲರೂ ಒಪ್ಪಿದರು. ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಹೇಳಿದಳು, “ಅವರನ್ನ ತೋರಿಸೋದೇ ಬ್ಯಾಡ್ರಿ ಸರ್. ಫೋನೇ ಪಂಜೆ ಆಗಲಿ.” ಅವಳು ಹೇಳಿದ್ದು ಹೀಗೆ: ಬಾಗಿಲು ತೆರೆಯುತ್ತದೆ, ಕ್ಯಾಮೆರಾ ಒಳಗೆ ಬರುತ್ತದೆ. ಮಕ್ಕಳೆಲ್ಲ ಕ್ಯಾಮೆರಾ ನೋಡಿ ಗಾಬರಿಯಾಗಿ ಎದ್ದು ನಿಲ್ಲುತ್ತಾರೆ. ಕ್ಯಾಮೆರಾ ಒಂದೊಂದೇ ಮುಖದ ಹತ್ತಿರ ಹೋಗುತ್ತದೆ. ಆಮೇಲೆ ನಿಧಾನವಾಗಿ ಕೆಳಗೆ ಇಳಿಯುತ್ತದೆ, ನೆಲದ ಮೇಲೆ ಕೂತ ಹಾಗೆ. ಮಕ್ಕಳೂ ಕೂರುತ್ತಾರೆ. ಈಗ ಮುಖಗಳು ಕ್ಯಾಮೆರಾದ ಎತ್ತರಕ್ಕೆ ಬಂದಿವೆ.

ಆ ಶಾಟ್ ಏಳು ಸಲ ತೆಗೆದೆವು. ಎಂಟನೇ ಸಲಕ್ಕೆ ಒಂದನೇ ಬೆಂಚಿನ ಸಣ್ಣ ಹುಡುಗ ಕ್ಯಾಮೆರಾ ಕೆಳಗೆ ಇಳಿದ ಕೂಡಲೇ ತಾನಾಗಿಯೇ ನಕ್ಕುಬಿಟ್ಟ. ಅದನ್ನೇ ಇಟ್ಟುಕೊಂಡೆವು.

ಮಾತಾಡುವ ಫೋಟೊ

ಈ ನಡುವೆ ಕಲಬುರಗಿಯಲ್ಲಿ ವಿಡಿಯೊ ಕೆಲಸ ಮಾಡುವ ಒಬ್ಬ ಪರಿಚಯದ ಯುವಕ ನೆರವಿಗೆ ಬಂದ. ಒಳ್ಳೆಯ ಮನಸ್ಸಿನ ಹುಡುಗ. ಪಂಜೆಯವರ ಹಳೆಯ ಫೋಟೊ ಕೊಟ್ಟರೆ ಅದು ಬಾಯಿ ಆಡಿಸಿ ಮಾತಾಡುವ ಹಾಗೆ ಕಂಪ್ಯೂಟರಿನಲ್ಲಿ ಮಾಡಿಕೊಡ್ತೀನಿ ಅಂದ. ಮಕ್ಕಳು ಕುಣಿದುಬಿಟ್ಟರು. ನನಗೂ ಒಂದು ಕ್ಷಣ ಆಸೆ ಆಯಿತು.

ಆ ರಾತ್ರಿ ನಿದ್ದೆ ಬರಲಿಲ್ಲ. ಆ ಬಾಯಿ ಏನು ಮಾತಾಡಬೇಕು? ಅವರು ಬರೆದದ್ದನ್ನು ಓದಿಸಬಹುದು. ಆದರೆ ನಾಲ್ಕನೇ ತರಗತಿಯ ಮಗು ಅದು ಅವರದೇ ದನಿ ಅಂತ ನಂಬುತ್ತದೆ. ಆ ಮುಖ ಹಾಗೇ ಅಲುಗಾಡುತ್ತಿತ್ತು ಅಂತ ನಂಬುತ್ತದೆ. ದೊಡ್ಡವರ ಹಾಗೆ ಅನುಮಾನ ಪಡುವುದಿಲ್ಲ. ನಂಬಿ ಕೂತ ಮಗುವಿಗೆ ಇಲ್ಲದ್ದನ್ನು ತೋರಿಸಲು ನನ್ನ ಮನಸ್ಸು ಒಪ್ಪಲಿಲ್ಲ. ಮರುದಿನ ಮಕ್ಕಳಿಗೆ ಇದನ್ನೇ ಹೇಳಿದೆ. ಇಬ್ಬರಿಗೆ ಬೇಜಾರಾಯಿತು. ಒಬ್ಬ ಎರಡು ದಿನ ಶೂಟಿಂಗಿಗೆ ಬರಲಿಲ್ಲ. ಅವನು ವಾಪಸ್ ಬಂದಾಗ ತಂದ ಪ್ರಶ್ನೆಯೇ ಇಡೀ ಸಿನಿಮಾಕ್ಕೆ ಬೆನ್ನೆಲುಬಾಯಿತು.

ರೈಲಿನ ಪ್ರಶ್ನೆ

ಅವನ ಮನೆ ರೈಲ್ವೆ ಹಳಿಯ ಹತ್ತಿರ. ಅಪ್ಪ ಗ್ಯಾಂಗ್‌ಮನ್. ಅವನು ಹೇಳಿದ್ದು (ಮುತ್ಯಾ ಅಂದರೆ ನಮ್ಮ ಕಡೆ ಅಜ್ಜ): “ಸರ್, ಪಂಜೆ ಮುತ್ಯಾ ರಾಯಚೂರಿಗಿ ಬಂದಿದ್ದು ಖರೆ ಅದ. ಹೈದರಾಬಾದಿಗಿ ಹೋಗಿದ್ದು ಖರೆ ಅದ. ರಾಯಚೂರಿಂದ ರೈಲಿನ್ಯಾಗ ಹೈದರಾಬಾದಿಗಿ ಹೋಗಬೇಕಂದ್ರ ಆವಾಗ ವಾಡಿ ಮ್ಯಾಲಿಂದೇ ಹೋಗಬೇಕಿತ್ತು. ಅಂದ್ರ ಅವರು ನಮ್ಮ ಸ್ಟೇಷನ್ನಿನಾಗ ಇಳಿದು ಚಹಾ ಕುಡದಾರ. ಅದನ್ನ ತೆಗೆಯೂಣ್ರಿ.”

ಹುಡುಗ ಹಳಿಗಳ ವಿಷಯದಲ್ಲಿ ತಪ್ಪಿರಲಿಲ್ಲ. ಮುಂಬಯಿಯಿಂದ ರಾಯಚೂರಿಗೆ ಹೋಗುವ ಹಳಿಯಿಂದ ಹೈದರಾಬಾದಿನ ಕಡೆಗೆ ಕವಲು ಒಡೆಯುವುದು ವಾಡಿಯಲ್ಲೇ. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಶುರುವಾದದ್ದು 1874ರಲ್ಲಿ. ಪಂಜೆಯವರು ಹುಟ್ಟಿದ ವರ್ಷ! ಇದನ್ನು ಬೋರ್ಡಿನ ಮೇಲೆ ಬರೆದಾಗ ತರಗತಿಯೇ ಚಪ್ಪಾಳೆ ಹೊಡೆಯಿತು.

ಆದರೆ ರಾಯಚೂರಿಗೆ ಬಂದದ್ದು 1934ರಲ್ಲಿ. ಹೈದರಾಬಾದಿನಲ್ಲಿ ತೀರಿಕೊಂಡದ್ದು 1937ರ ಅಕ್ಟೋಬರಿನಲ್ಲಿ. ನಡುವೆ ಮೂರು ವರ್ಷ. ರಾಯಚೂರಿನಿಂದಲೇ ಹೈದರಾಬಾದಿಗೆ ಹೋದರು ಅಂತ ಹೇಳುವ ಹಾಗಿಲ್ಲ. ಮಂಗಳೂರಿನ ಕಡೆಯಿಂದ ಬರುವವರಿಗೆ ಬೇರೆ ದಾರಿಯೂ ಇತ್ತು. ವಾಡಿ ಪ್ಲಾಟ್‌ಫಾರ್ಮಿನಲ್ಲಿ ಚಹಾ ಕುಡಿಯುವ ಪಂಜೆ ನಮ್ಮ ಆಸೆಯಲ್ಲಿ ಮಾತ್ರ ಇದ್ದರು.

ಹುಡುಗ ಸುಲಭಕ್ಕೆ ಬಿಡಲಿಲ್ಲ. “ಬಂದಿಲ್ಲ ಅಂತನೂ ಬರೆದಿಲ್ಲಲ್ರಿ” ಅಂದ. ಮಾತು ನಿಜ. ಒಂದು ಗಂಟೆ ವಾದ ಆಯಿತು. ಕೊನೆಗೆ ಶೆಗಡಿ ಹುಡುಗಿಯೇ ದಾರಿ ತೋರಿಸಿದಳು. “ಸುಳ್ಳು ಹೇಳೋದು ಬ್ಯಾಡ. ಕೇಳೋಣ. ಅವರ ಕಥ್ಯಾಗೂ ಬರೇ ಪ್ರಶ್ನೆ ಕೇಳ್ತಾರಲ್ಲ?”

ಸಿಗಡಿ ಯಾಕೆ ಒಣಗಲಿಲ್ಲ ಅಂತ ಕೇಳುತ್ತಾ ಹೋಗುವ ಕಥೆಯ ಹಾಗೆ, ಪಂಜೆ ಮುತ್ಯಾ ನಮ್ಮೂರ ಮೇಲಿಂದ ಹೋಗಿದ್ರಾ ಅಂತ ಮಕ್ಕಳು ಕೇಳುತ್ತಾ ಹೋಗುವುದು. ಹೊಲದಲ್ಲಿ ತೊಗರಿ ಕೊಯ್ಯುವವರನ್ನು ಕೇಳುವುದು. ಅಂಗಡಿಯವರನ್ನು ಕೇಳುವುದು. ಊರಿನ ಹಿರಿಯರನ್ನು ಕೇಳುವುದು. ಯಾರ ಬಾಯಲ್ಲಿ ಏನು ಬರುತ್ತದೋ ಅದನ್ನೇ ಇಡುವುದು. ಗೊತ್ತಿರುವುದನ್ನು ಗೊತ್ತು ಅಂತ, ಊಹೆಯನ್ನು ಊಹೆ ಅಂತ ತೋರಿಸುವುದು. ಆ ದಿನ ನಮ್ಮ ಸಿನಿಮಾ ಹುಟ್ಟಿತು ಅಂತ ನನ್ನ ನಂಬಿಕೆ.

ಸ್ಟೇಷನ್ನಿನ ಒಳಗೆ ಶೂಟಿಂಗ್ ಮಾಡಲು ರೈಲ್ವೆಯ ಅನುಮತಿ ಬೇಕು. ಅದಕ್ಕೆ ಕಾಯುವಷ್ಟು ಸಮಯ ಇರಲಿಲ್ಲ. ಹಳಿಯಿಂದ ಸಾಕಷ್ಟು ದೂರದ ಒಂದು ಹೊಲದ ಬದುವಿನಲ್ಲಿ ನಿಂತು ರೈಲು ತೆಗೆದೆವು. ಮೊದಲ ಸಿನಿಮಾ ಮಾಡುವಾಗ ರೈಲಿನ ಸದ್ದು ನಮ್ಮ ಶತ್ರುವಾಗಿತ್ತು. ಮಾತಿನ ನಡುವೆ ಗೂಡ್ಸ್ ಗಾಡಿ ಬಂದರೆ ಶಾಟ್ ಹಾಳು. ಈ ಸಲ ಬೇಕಂತಲೇ ಕಾದೆವು. ಪ್ರಶ್ನೆ ಕೇಳಿದ ಮೇಲೆ ರೈಲು ಹೋಗುವವರೆಗೆ ಮಗು ಸುಮ್ಮನೆ ನಿಂತಿರುತ್ತದೆ. ಉತ್ತರ ಆಮೇಲೆ.

ಕೇಳುತ್ತಾ ಹೋದಾಗ ಸಿಕ್ಕವರಲ್ಲಿ ತೊಂಬತ್ತು ದಾಟಿದ ಒಬ್ಬ ಮುತ್ಯಾ ಇದ್ದರು. ಅವರಿಗೆ ಪಂಜೆ ಗೊತ್ತಿಲ್ಲ. “ನಮ್ಮ ಕಾಲಕ್ಕ ಸಾಲ್ಯಾಗ ಉರ್ದು ಇತ್ತಪ್ಪಾ. ಕನ್ನಡ ಮನ್ಯಾಗ, ಮಠದಾಗ ಕಲ್ತಿದ್ದು” ಅಂದರು. ಮಣ್ಣಿನ ಮೇಲೆ ಕಡ್ಡಿಯಿಂದ ಅಲಿಫ್, ಬೇ ಬರೆದು ತೋರಿಸಿದರು. ಅದರ ಪಕ್ಕದಲ್ಲಿ ಹುಡುಗಿ ‘ಅ’ ಬರೆದಳು. ಈ ಭಾಗ 1948, ಸೆಪ್ಟೆಂಬರ್ 17ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿತ್ತು, 1956ರಲ್ಲಿ ಕನ್ನಡ ನಾಡಿಗೆ ಸೇರಿತು ಅಂತ ನಾನು ಪಾಠದಲ್ಲಿ ಎಷ್ಟು ಸಲ ಹೇಳಿದ್ದೇನೋ. ಮಣ್ಣಿನ ಮೇಲಿನ ಆ ಎರಡು ಅಕ್ಷರ ನೋಡಿದಾಗ ಮಕ್ಕಳಿಗೆ ಅದು ಅರ್ಥವಾಯಿತು. 1934ರಲ್ಲಿ ಕನ್ನಡದ ಮಕ್ಕಳ ಕವಿಯೊಬ್ಬರು ರಾಯಚೂರಿಗೆ ಬಂದು ಅಧ್ಯಕ್ಷರಾಗಿ ಕೂತದ್ದು ಎಷ್ಟು ದೊಡ್ಡ ವಿಷಯ ಅಂತಲೂ.

ಬಾ, ನೀ, ತಾ, ಪೋ

ಇನ್ನು ಉಳಿದದ್ದು ಇವನ್ನೆಲ್ಲ ಜೋಡಿಸುವ ದಾರ. ಅದು ‘ಹಾವಿನ ಹಾಡು’ ಪದ್ಯದಲ್ಲೇ ಇತ್ತು. ನಾಗರಹಾವೆ, ಹಾವೊಳು ಹೂವೆ ಅಂತ ಶುರುವಾಗುವ ಪದ್ಯ. ನಾಲ್ಕು ನುಡಿ. ಒಂದೊಂದು ನುಡಿಯ ಕೊನೆಗೂ ಒಂದೇ ಅಕ್ಷರ ಎಂಟು ಸಲ ಬರುತ್ತದೆ. ಮೊದಲು ಬಾ, ಆಮೇಲೆ ನೀ, ಆಮೇಲೆ ತಾ, ಕೊನೆಗೆ ಪೋ. ಕರೆದು, ಹಾಲು ಕೊಡುತ್ತೇನೆ ಅಂದು, ಚಿನ್ನ ಕೇಳಿ, ಕೊನೆಗೆ ಹೆದರಿ ಹೋಗು ಅನ್ನುವ ಮಗುವಿನ ಮನಸ್ಸು ಪೂರ್ತಿ ಅದರಲ್ಲಿದೆ.

ಪಂಚಮಿಯಲ್ಲಿ ತೆಗೆದ ದೃಶ್ಯಗಳು ಫೋನಿನಲ್ಲಿ ಹಾಗೇ ಬಿದ್ದಿದ್ದವು. ಬೇವಿನ ಗಿಡಕ್ಕೆ ಜೋಕಾಲಿ, ತಟ್ಟೆಯಲ್ಲಿ ಜೋಳದ ಅಳ್ಳು, ಹುತ್ತಕ್ಕೆ ಹಾಲು ಎರೆಯುವ ಹೆಣ್ಣುಮಕ್ಕಳು. ಅದೇ ಹುತ್ತದ ಹತ್ತಿರ ಒಂದು ವಾರದ ಮೇಲೆ ಹಾವು ಕಂಡಿತ್ತು, ಕೋಲು ಹಿಡಿದು ಹತ್ತು ಜನ ಓಡಿದ್ದರು. ಒಬ್ಬ ಅದನ್ನೂ ತೆಗೆದಿದ್ದ. ಬಸವಣ್ಣನವರ ಕಲ್ಲ ನಾಗರದ ವಚನ ನಮ್ಮ ಮಕ್ಕಳಿಗೆ ಬಾಯಿಪಾಠ. ಬಾ ಅಂದ ಬಾಯೇ ಪೋ ಅನ್ನುವುದು ಅವರಿಗೆ ಹೊಸದಲ್ಲ. ಆ ಎರಡು ದೃಶ್ಯಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ಮೇಲೆ ಸಿನಿಮಾವನ್ನೇ ನಾಲ್ಕು ಭಾಗ ಮಾಡೋಣ ಅಂತ ನಿರ್ಧಾರವಾಯಿತು.

‘ಬಾ’ ಭಾಗದಲ್ಲಿ ಮಕ್ಕಳು ಪಂಜೆಯವರನ್ನು ಕರೆಯುತ್ತಾರೆ. ಅದು ಶುರುವಾಗುವುದು ಫರಸಿ ಕಲ್ಲಿನ ಮೇಲೆ ಓಡುವ ಚಪ್ಪಲಿ ರೈಲಿನಿಂದ. ಹೌದು, ನಮ್ಮ ಮೊದಲ ಸಿನಿಮಾವನ್ನು ಸೋಲಿಸಿದ ಅದೇ ಹುಡುಗನ ಕೈಯಿಂದಲೇ. ‘ನೀ’ ಭಾಗದಲ್ಲಿ ಇನ್ಸ್‌ಪೆಕ್ಟರ್ ಮತ್ತು ಮಂಗಳೂರು, ಮಡಿಕೇರಿಯ ಬದುಕು. ‘ತಾ’ ಭಾಗದಲ್ಲಿ ಕಥೆ, ಪದ್ಯ, ಶೆಗಡಿ. ‘ಪೋ’ ಬಹಳ ಚಿಕ್ಕದು. ಸಂಜೆ ಹೊತ್ತು, ತೊಗರಿ ಹೊಲದ ಆಚೆ ಹೈದರಾಬಾದಿನ ಕಡೆ ಹೋಗುವ ರೈಲು. ಎಂಟು ಮಕ್ಕಳು ಬದುವಿನ ಮೇಲೆ ಸಾಲಾಗಿ ನಿಂತಿದ್ದಾರೆ. ಒಬ್ಬೊಬ್ಬರೇ ಒಂದೊಂದು ‘ಪೋ’ ಹೇಳುತ್ತಾರೆ. ಪದ್ಯದಲ್ಲಿ ಹೆದರಿ ಹೇಳುವ ಮಾತು ಇಲ್ಲಿ ಕೈ ಬೀಸಿ ಕಳಿಸುವ ಮಾತಾಗಿದೆ. ಎಂಟನೆಯವಳ ದನಿ ರೈಲಿನ ಸದ್ದಿನಲ್ಲಿ ಕೇಳುವುದಿಲ್ಲ, ತುಟಿ ಮಾತ್ರ ಕಾಣುತ್ತದೆ.

ಒಟ್ಟು 17 ನಿಮಿಷ. ಇಸವಿಗಳು ಐದು ಮಾತ್ರ ಉಳಿದವು. ನನ್ನ ದನಿ ಎಲ್ಲೂ ಇಲ್ಲ.

ಫೆಬ್ರುವರಿ 22

ಪಂಜೆಯವರು ಹುಟ್ಟಿದ ದಿನ ಅದೇ ಕೋಣೆಯಲ್ಲಿ, ಅದೇ ಜಮಖಾನೆ ಕಟ್ಟಿ, ಅದೇ ಮಕ್ಕಳಿಗೆ ತೋರಿಸಿದೆವು. ಈ ಸಲ ಮುತ್ಯಾನನ್ನೂ ಕುರ್ಚಿ ಹಾಕಿ ಕೂರಿಸಿದ್ದೆವು. ಎಲ್ಲವೂ ಸರಿಯಾಗಿತ್ತು ಅಂತ ಹೇಳಲಾರೆ. ಮಡಿಕೇರಿಯ ಭಾಗ ಬಂದಾಗ ಮಕ್ಕಳ ಗಮನ ಮತ್ತೆ ಅತ್ತಿತ್ತ ಹೋಯಿತು. ಅಲ್ಲಿ ನಾವು ಫೋಟೊಗಳನ್ನೇ ಜಾಸ್ತಿ ನಂಬಿದ್ದೆವು, ನಮ್ಮ ಅಂಗಳದ ಏನೂ ಅದರಲ್ಲಿ ಇರಲಿಲ್ಲ. ಎರಡು ಕಡೆ ಮಾತು ಸರಿಯಾಗಿ ಕೇಳಲಿಲ್ಲ.

ಆದರೆ ಶೆಗಡಿ ಬಂದಾಗ ಕೋಣೆ ಎದ್ದು ಕುಣಿಯಿತು. ‘ಬಾ’ ಬಂದಾಗ ಬೆರಳು ಮಡಚಿ ಎಂಟು ಎಣಿಸಿದರು. ಕೊನೆಗೆ ಗ್ಯಾಂಗ್‌ಮನ್ ಮಗ ಪರದೆಯಿಂದ ನೇರವಾಗಿ ಅವರನ್ನೇ ಕೇಳುತ್ತಾನೆ, “ಹೋಗಿದ್ರೇನು?” ಅಂತ. ಅರ್ಧ ಕೋಣೆ ಹೌದು ಅಂತ ಕೂಗಿತು, ಅರ್ಧ ಇಲ್ಲ ಅಂತ. ಚಪ್ಪಲಿ ರೈಲಿನ ಹುಡುಗ ಎದ್ದು ನಿಂತು, “ರಾತ್ರಿ ರೈಲಿಗಿ ಹೋಗಿದ್ರ ಯಾರಿಗಿ ಕಾಣ್ತಾರ?” ಅಂದ. ಮುತ್ಯಾ ತಲೆ ಆಡಿಸಿದರು.

ಈಗ ಮಕ್ಕಳಿಗೆ ಸಿದ್ದಯ್ಯ ಪುರಾಣಿಕರ ಮೇಲೆ ಸಿನಿಮಾ ಮಾಡಬೇಕು ಅಂತ ಹಟ. 2054ರವರೆಗೆ ಕಾಯೋಕೆ ಆಗಲ್ಲ ಅಲ್ವಾ, ಅದಕ್ಕೆ ಪದ್ಯಗಳ ಹಕ್ಕು ಇರುವವರಿಗೆ ಅನುಮತಿ ಕೇಳಿ ಪತ್ರ ಬರೆಯುತ್ತಿದ್ದಾರೆ. ಶೆಗಡಿ ಹುಡುಗಿಯ ಕೈಬರಹ. ಮೂರು ಕರಡು ಆಗಿವೆ. ಮೂರನೆಯದರಲ್ಲಿ ತನ್ನ ಊರಿನ ಹೆಸರಿನ ಮುಂದೆ ಅವಳು ಸಣ್ಣ ಅಕ್ಷರದಲ್ಲಿ ಸೇರಿಸಿದ್ದಾಳೆ: ವಾಡಿ ಸ್ಟೇಷನ್ನಿಗೆ ಹತ್ತಿರ.